ದೈತ್ಯನ ತೂಕ, ಪಿಕ್ಸೆಲ್‌ನ ಅಳತೆ: ಗಾಡ್ಜಿಲ್ಲಾ, ಕಿಂಗ್ ಕಾಂಗ್ ವಿಡಿಯೋ ಗೇಮ್‌ಗಳು ಸೋತದ್ದೇಕೆ?

1980 ಮತ್ತು 90ರ ದಶಕಗಳಲ್ಲಿ ಗಾಡ್ಜಿಲ್ಲಾ, ಕಿಂಗ್ ಕಾಂಗ್ ಹೆಸರು ಹೊತ್ತು ಬಂದ ವಿಡಿಯೋ ಗೇಮ್‌ಗಳಲ್ಲಿ ಹೆಚ್ಚಿನವು ಆಡುವವರನ್ನು ನಿರಾಶೆಗೊಳಿಸಿದವು. ಸಿನಿಮಾದ ಹೆಸರಿನಲ್ಲಿ ದುಡ್ಡು ಬಾಚುವ ಅವಸರವೇ ಇದಕ್ಕೆ ಕಾರಣ ಎನ್ನುವುದುಂಟು. ಅದು ಅರ್ಧ ಸತ್ಯ. ಸಿನಿಮಾ ದೈತ್ಯನನ್ನು ದೊಡ್ಡದಾಗಿಸಿದ ಉಪಾಯಗಳು ಆಟದ ಯಂತ್ರಕ್ಕೆ ಒಗ್ಗಲಿಲ್ಲ. ಆಗ ತಯಾರಕರು ಆಟಗಾರನ ಕೈಯಿಂದ ದೈತ್ಯನನ್ನೇ ತಪ್ಪಿಸಿದರು ಎಂಬುದು ಈ ಲೇಖನದ ವಾದ.

1954ರಲ್ಲಿ ಜಪಾನಿನ ತೊಹೊ ಸಂಸ್ಥೆ ತೆಗೆದ, ಇಶಿರೊ ಹೋಂಡಾ ನಿರ್ದೇಶನದ ‘ಗಾಡ್ಜಿಲ್ಲಾ’ದಲ್ಲಿ ಪ್ರಾಣಿಯ ಎತ್ತರ 50 ಮೀಟರ್. ಅದರೊಳಗೆ ಇದ್ದದ್ದು ಸುಮಾರು 100 ಕಿಲೋ ತೂಕದ ರಬ್ಬರ್ ವೇಷ ತೊಟ್ಟ ನಟ ಹಾರುವೊ ನಾಕಾಜಿಮಾ. ವಿಶೇಷ ತಂತ್ರಗಳ ಹೊಣೆ ಹೊತ್ತಿದ್ದ ಎಯ್ಜಿ ತ್ಸುಬುರಾಯಾ, ಪುಟ್ಟ ಮಾದರಿ ನಗರದ ನಡುವೆ ಆತನನ್ನು ನಡೆಸಿ, ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿದರು. ತೆರೆಯ ಮೇಲೆ ಚಲನೆ ನಿಧಾನವಾಯಿತು, ನಿಧಾನವೇ ತೂಕವಾಯಿತು. ಚೆಂಡಿಯಾ, ಅಂಕೋಲಾ ಕಡೆಯ ಯಕ್ಷಗಾನ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣದ ವೇಷ ಒಮ್ಮೆಲೇ ರಂಗಕ್ಕೆ ನುಗ್ಗುವುದಿಲ್ಲ. ತೆರೆಯ ಹಿಂದಿನ ಅಟ್ಟಹಾಸ, ಚಂಡೆಯ ಅಬ್ಬರ, ಅಷ್ಟಷ್ಟೇ ಕಾಣುವ ಕಿರೀಟ ಇವುಗಳಿಂದಲೇ ರಕ್ಕಸ ಬೆಳೆಯುತ್ತಾನೆ. ಗೇಮ್ ಆಡುವವನಿಗಾದರೋ ಕಾಯುವ ತಾಳ್ಮೆಯಿಲ್ಲ. ಗುಂಡಿ ಒತ್ತಿದ ಕ್ಷಣದಲ್ಲೇ ಹೊಡೆತ ಬೀಳಬೇಕು.

ಮೊದಲ ಎಡವಟ್ಟು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನಿಂಟೆಂಡೊದ ‘ಡಾಂಕಿ ಕಾಂಗ್’ (1981) ತಮ್ಮ ಕಿಂಗ್ ಕಾಂಗ್‌ನ ನಕಲು ಎಂದು ಯೂನಿವರ್ಸಲ್ ಸ್ಟುಡಿಯೋ 1982ರಲ್ಲಿ ದಾವೆ ಹೂಡಿತು. ಆದರೆ ಅದೇ ಸ್ಟುಡಿಯೋ 1970ರ ದಶಕದಲ್ಲಿ, ಕಿಂಗ್ ಕಾಂಗ್ ಕಥೆ ಯಾರ ಸ್ವತ್ತೂ ಅಲ್ಲವೆಂದು, ಮೂಲ ಸಿನಿಮಾ ತೆಗೆದ ಆರ್‌ಕೆಓ ಸಂಸ್ಥೆಯ ವಿರುದ್ಧ ವಾದಿಸಿತ್ತು! ನಿಂಟೆಂಡೊ ವಕೀಲ ಜಾನ್ ಕರ್ಬಿ ಅದನ್ನೇ ಹಿಡಿದರು. ನ್ಯಾಯಾಧೀಶ ರಾಬರ್ಟ್ ಸ್ವೀಟ್ ನಿಂಟೆಂಡೊ ಪರ ತೀರ್ಪಿತ್ತರು. ತಮಾಷೆಯೆಂದರೆ, ಕಿಂಗ್ ಕಾಂಗ್ ಹೆಸರಿನ ಪರವಾನಗಿ ಪಡೆದು ಟೈಗರ್ ಸಂಸ್ಥೆ ಅಟಾರಿ 2600ಕ್ಕೆ ತಂದ ಆಟವೇ ಡಾಂಕಿ ಕಾಂಗ್‌ನ ಪಡಿಯಚ್ಚಿನಂತಿತ್ತು. ಮೇಲೆ ನಿಂತ ಕಾಂಗ್ ಬಾಂಬ್ ಎಸೆಯುತ್ತಾನೆ, ನಾವು ಕೆಳಗಿನಿಂದ ಹತ್ತುವ ನರಪೇತಲ ಮನುಷ್ಯ. 128 ಬೈಟ್ ಸ್ಮೃತಿಯ ಆ ಯಂತ್ರದಲ್ಲಿ ಕಾಂಗ್ ಎಷ್ಟು ದೊಡ್ಡವನಾದಾನು?

ನಿಂಟೆಂಡೊದ ಎನ್‌ಇಎಸ್ ಆಟಯಂತ್ರ ಬಂದಾಗಲೂ ತೊಡಕು ತಪ್ಪಲಿಲ್ಲ. 1990ರ ದಶಕದಲ್ಲಿ ನಮ್ಮಲ್ಲಿ ‘ಟಿವಿ ಗೇಮ್’ ಎಂದು ಮಾರಾಟವಾದ, ಕ್ಯಾಸೆಟ್ ತುರುಕುವ ಪೆಟ್ಟಿಗೆಗಳಲ್ಲಿ ಬಹಳಷ್ಟು ಇದರದೇ ನಕಲುಗಳಾದ್ದರಿಂದ ಅದರ ಮಿತಿ ನಮ್ಮ ಓದುಗರಿಗೂ ಕಂಡದ್ದೇ. ಚಲಿಸುವ ಚಿತ್ರಗಳನ್ನು ಈ ಯಂತ್ರ 8 ಪಿಕ್ಸೆಲ್ ಅಗಲದ ಸ್ಪ್ರೈಟ್ ತುಣುಕುಗಳಿಂದ ಜೋಡಿಸುತ್ತದೆ. ಒಂದು ಅಡ್ಡಗೆರೆಯಲ್ಲಿ 8 ತುಣುಕು ಮಾತ್ರ, ಒಂಬತ್ತನೆಯದು ಮೂಡದು. ಅಂದರೆ 256 ಪಿಕ್ಸೆಲ್ ಅಗಲದ ಪರದೆಯಲ್ಲಿ 64 ಪಿಕ್ಸೆಲ್‌ನ ದೈತ್ಯ ನಿಂತರೆ ಆ ಸಾಲಿನ ಪಾಲೆಲ್ಲ ಅವನಿಗೇ ಮುಗಿಯಿತು. ಎದುರು ಇನ್ನೊಬ್ಬ ಬಂದರೆ ತುಣುಕುಗಳು ಸರದಿಯಂತೆ ಕಾಣುತ್ತ, ಮಾಯವಾಗುತ್ತ ಚಿತ್ರ ಮಿಣುಕತೊಡಗುತ್ತದೆ. 1988ರಲ್ಲಿ ಕಂಪೈಲ್ ಸಂಸ್ಥೆ ರೂಪಿಸಿದ ‘ಗಾಡ್ಜಿಲ್ಲಾ: ಮಾನ್‌ಸ್ಟರ್ ಆಫ್ ಮಾನ್‌ಸ್ಟರ್ಸ್’ ದೊಡ್ಡ ಆಕೃತಿಯನ್ನೇನೋ ಕೊಟ್ಟಿತು, ಜೊತೆಗೆ ದೈತ್ಯ ಪತಂಗ ಮೋತ್ರಾಳನ್ನೂ. ಕೊಡದೆ ಉಳಿಸಿದ್ದು ಕೆಡವಬೇಕಾದ ಟೋಕಿಯೊವನ್ನು. ಸೌರವ್ಯೂಹದ ಗ್ರಹಗಳ ಮೇಲೆ ಗಾಡ್ಜಿಲ್ಲಾ ಬಂಡೆಗಳಿಗೆ ಗುದ್ದುತ್ತ ಸಾಗಬೇಕು.

ಮುಂದಿನ ಆಟಗಳು ಇನ್ನಷ್ಟು ಹಿಂಜರಿದವು. ‘ಗಾಡ್ಜಿಲ್ಲಾ 2’ರಲ್ಲಿ (1992) ಆಟಗಾರ ಸೈನ್ಯದ ಪಾಳಯಕ್ಕೆ ಸೇರಿದವ, ಕಾಳಗದ ಫಲಿತಾಂಶ ತಿರುಗುವ ಜೂಜಿನ ಚಕ್ರಗಳಿಗೆ ಬಿಟ್ಟದ್ದು. ‘ಸೂಪರ್ ಗಾಡ್ಜಿಲ್ಲಾ’ದಲ್ಲಿ (1993) ಎದುರಾಳಿಗೆ ಗುದ್ದಿ, ಹಿಂದೆ ಸರಿದು, ಪಟ್ಟಿಯಿಂದ ದಾಳಿಯೊಂದನ್ನು ಆರಿಸಿ ಮುಂದಿನದನ್ನು ಸುಮ್ಮನೆ ನೋಡಬೇಕು. 1998ರ ನವೆಂಬರ್ 27ರಂದು ಸೆಗಾದ ಡ್ರೀಮ್‌ಕಾಸ್ಟ್ ಜೊತೆಗೇ ಜಪಾನಿನಲ್ಲಿ ಬಂದ ‘ಗಾಡ್ಜಿಲ್ಲಾ ಜನರೇಷನ್ಸ್’ ಕೊನೆಗೂ ನಗರವನ್ನು ಕೊಟ್ಟಿತು, ಸಿನಿಮಾದ ನಿಧಾನವನ್ನೂ ಹಾಗೇ ಇಟ್ಟುಕೊಂಡಿತು. ತೆರೆಯ ಮೇಲೆ ಗಾಂಭೀರ್ಯವೆನಿಸಿದ್ದ ಹೆಜ್ಜೆ ಕೈಗೆ ಬಂದಾಗ ಬರೀ ಜಡವಾಯಿತು. ನನ್ನ ಲೆಕ್ಕದಲ್ಲಿ ಇಷ್ಟೂ ಆಟಗಳಲ್ಲಿ ಪ್ರಾಮಾಣಿಕ ಸೋಲೆಂದರೆ ಇದೊಂದೇ.

ಬೇಕಾದ ಮಜಾ ಕೊಟ್ಟದ್ದು ಯಾವ ಸಿನಿಮಾದ ಪರವಾನಗಿಯೂ ಇಲ್ಲದ ಆಟ, ಬ್ಯಾಲಿ ಮಿಡ್‌ವೇಯ ‘ರ‍್ಯಾಂಪೇಜ್’ (1986). ಗೊರಿಲ್ಲಾ, ಹಲ್ಲಿ, ತೋಳ ಈ ಮೂರರಲ್ಲಿ ಒಂದಾಗಿ ಕಟ್ಟಡ ಹತ್ತು, ಗುದ್ದು, ಕೆಡವು, ಅಷ್ಟೇ. ಹೆಚ್ಚು ಬಲದ ಆರ್ಕೇಡ್ ಯಂತ್ರ ಅದಕ್ಕೆ ನೆರವಾಯಿತು ನಿಜ, ಆದರೆ ರಾಕ್ಷಸನನ್ನು ಆಟಗಾರನ ಕೈಗೇ ಕೊಟ್ಟ ನಿರ್ಧಾರ ಯಂತ್ರದ್ದಲ್ಲ. 2018ರಲ್ಲಿ ಹಾಲಿವುಡ್ಡೇ ಈ ಆಟವನ್ನು ಆಧರಿಸಿ ಡ್ವೇನ್ ಜಾನ್ಸನ್ ನಾಯಕತ್ವದ ಸಿನಿಮಾ ತೆಗೆಯಿತು.