ಕಾವಲಿಲ್ಲದ ದಾರಿ: ಇಳಕಲ್–ಹುನಗುಂದ ಭಾಗದ ಫ್ಲೋರೈಡ್ ನೀರು ಮತ್ತು ಜೀವಕೋಶದ ಪೊರೆ

ಬಾಗಲಕೋಟೆ ಜಿಲ್ಲೆಯ ನೆಲ ಒಂದೇ ತೆರನದಲ್ಲ. ಬಾದಾಮಿಯದು ಮರಳುಗಲ್ಲು, ಲೋಕಾಪುರದ ಸುತ್ತ ಸುಣ್ಣದಕಲ್ಲು, ಇಳಕಲ್ ಕಡೆ ಕೆಂಪು ಗ್ರಾನೈಟ್. ಗ್ರಾನೈಟಿನಲ್ಲಿ ಬಯೊಟೈಟ್, ಅಪಟೈಟ್, ಫ್ಲೋರೈಟ್‌ನಂತಹ ಫ್ಲೋರೈಡ್ ಹೊತ್ತ ಖನಿಜಗಳಿರುತ್ತವೆ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿಗೆ ಕ್ಷಾರಗುಣ ಬಂದು, ಸೋಡಿಯಂ ಏರಿ ಕ್ಯಾಲ್ಸಿಯಂ ಇಳಿದಂತೆ, ಫ್ಲೋರೈಡ್ ಕಲ್ಲು ಬಿಟ್ಟು ನೀರು ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಇಳಕಲ್–ಹುನಗುಂದ ಭಾಗದ ಬೋರ್ ನೀರಿನ ಚರ್ಚೆ ಸಾಮಾನ್ಯವಾಗಿ ಈ ಅಂಕಿಯ ಬಳಿಯೇ ನಿಂತುಬಿಡುತ್ತದೆ. ಕುಡಿದ ಫ್ಲೋರೈಡ್ ಜೀವಕೋಶದೊಳಗೆ ಹೋಗುವುದು ಹೇಗೆ ಎಂಬ ಪ್ರಶ್ನೆಯನ್ನೂ ಅದರ ಜೊತೆಗೇ ಕೇಳಬೇಕು ಎಂಬುದು ಈ ಲೇಖನದ ವಾದ.

ಜೀವಕೋಶದ ಪೊರೆ ಎರಡು ಪದರ ಕೊಬ್ಬಿನದು. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ನಂತಹ ವಿದ್ಯುದಾವೇಶವುಳ್ಳ ಅಯಾನುಗಳು ಈ ಕೊಬ್ಬನ್ನು ದಾಟಲಾರವು. ಅವುಗಳಿಗಾಗಿ ಪೊರೆಯಲ್ಲಿ ಪ್ರೋಟೀನಿನ ನಾಳಗಳೂ ಪಂಪುಗಳೂ ಇವೆ. ನೀರಿಗೂ ಪ್ರತ್ಯೇಕ ನಾಳಗಳಿವೆ. ಅವನ್ನು ಕಂಡುಹಿಡಿದ ಪೀಟರ್ ಅಗ್ರೆ 2003ರ ನೊಬೆಲ್ ರಸಾಯನಶಾಸ್ತ್ರ ಪ್ರಶಸ್ತಿಯನ್ನು ಹಂಚಿಕೊಂಡರು. ಫ್ಲೋರೈಡ್ ಕೂಡ ಅಯಾನೇ, ಆ ರೂಪದಲ್ಲಿ ಅದಕ್ಕೂ ಪೊರೆ ಗೋಡೆಯೇ. ಆದರೆ ಆಮ್ಲ ಸಿಕ್ಕ ಕೂಡಲೇ ಅದು ಒಂದು ಪ್ರೋಟಾನನ್ನು ಅಂಟಿಸಿಕೊಂಡು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಈ ಅಣು ಚಿಕ್ಕದು, ನಿರಾವೇಶಿ. ಕೃತಕ ಕೊಬ್ಬಿನ ಪೊರೆಗಳ ಮೇಲೆ ಗಟ್‌ಕ್ನೆಕ್ಟ್ ಮತ್ತು ವಾಲ್ಟರ್ 1981ರಲ್ಲಿ ಪ್ರಕಟಿಸಿದ ಅಳತೆಯಂತೆ, ಇದು ಫ್ಲೋರೈಡ್ ಅಯಾನಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಸುಲಭವಾಗಿ ಪೊರೆ ದಾಟುತ್ತದೆ. ನಾಳ ಬೇಡ, ಪಂಪು ಬೇಡ.

ಇಲ್ಲಿ ನಿರ್ಣಾಯಕವಾದದ್ದು ಪಿಎಚ್. ಹೈಡ್ರೋಜನ್ ಫ್ಲೋರೈಡಿನ ಪಿಕೆಎ, ಅಂದರೆ ಅಣುವೂ ಅಯಾನೂ ಸಮಪಾಲಿನಲ್ಲಿರುವ ಪಿಎಚ್, ಸುಮಾರು 3.2. ರಕ್ತದ ಪಿಎಚ್ 7.4ರಲ್ಲಿ ಸುಮಾರು ಹದಿನಾರು ಸಾವಿರ ಅಯಾನಿಗೆ ಒಂದೇ ಅಣು ಈ ರೂಪದಲ್ಲಿರುತ್ತದೆ. ಹೊಟ್ಟೆಯ ಪಿಎಚ್ 2ರಲ್ಲಿ ಲೆಕ್ಕ ತಿರುವುಮುರುವಾಗಿ, ನೂರರಲ್ಲಿ ತೊಂಬತ್ತನಾಲ್ಕು ಪಾಲು ಪೊರೆ ದಾಟಲು ಸಿದ್ಧವಾಗಿರುತ್ತದೆ. ಹೊಟ್ಟೆಯ ಗೋಡೆಯ ಕೋಶದೊಳಗೆ ಹೊಕ್ಕ ಅಣು ಅಲ್ಲಿನ ತಟಸ್ಥ ವಾತಾವರಣದಲ್ಲಿ ಪ್ರೋಟಾನು ಕಳಚಿ ಮತ್ತೆ ಅಯಾನಾಗುತ್ತದೆ. ಬಂದ ದಾರಿಯಲ್ಲಿ ಮರಳಲು ಅದಕ್ಕೆ ಕಷ್ಟ. ಉಳಿದ ಬಹುಪಾಲು ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ, ಅಲ್ಲಿ ಪಿಎಚ್‌ನ ಹಿಡಿತ ಅಷ್ಟಿಲ್ಲ.

ಬೆಳಗಿನ ಖಾಲಿ ಹೊಟ್ಟೆಗೆ ಕುಡಿದ ಒಂದು ತಂಬಿಗೆ ಬೋರ್ ನೀರೂ ಜೋಳದ ರೊಟ್ಟಿ, ಮೊಸರಿನ ಜೊತೆ ಕುಡಿದ ಅದೇ ನೀರೂ ದೇಹಕ್ಕೆ ಒಂದೇ ಅಲ್ಲದಿರುವುದು ಇದರಿಂದಾಗಿ. ಮೊಸರಿನ ಕ್ಯಾಲ್ಸಿಯಂ ಫ್ಲೋರೈಡನ್ನು ಕರಗದ ಲವಣವಾಗಿ ಕಟ್ಟಿಹಾಕಿ, ಒಂದಷ್ಟನ್ನು ಪೊರೆಯವರೆಗೂ ಹೋಗಗೊಡದು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆಂಬ ನಂಬಿಕೆ ಮಾತ್ರ ಅಪಾಯದ್ದು: ಆವಿಯಾಗುವುದು ನೀರು, ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ.

ಪೊರೆ ದಾಟಿ ಒಳಸೇರುವ ಫ್ಲೋರೈಡಿನ ಅಪಾಯಕ್ಕೆ ಸೂಕ್ಷ್ಮಜೀವಿಗಳು ಎಂದೋ ಉತ್ತರ ಕಂಡುಕೊಂಡಿವೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ‘ಫ್ಲುಕ್’ ಎಂಬ ನಾಳವಿದ್ದು, ಒಳಸೇರಿದ ಫ್ಲೋರೈಡ್ ಅಯಾನನ್ನು ಹೊರಬಿಡುತ್ತದೆ, ಕ್ಲೋರೈಡನ್ನು ಬಿಡುವುದಿಲ್ಲ. 2013ರಲ್ಲಿ ವಿವರಣೆ ಪಡೆದ ಯೀಸ್ಟಿನ ‘ಫೆಕ್ಸ್’ ಪ್ರೋಟೀನಿನದೂ ಇದೇ ಕೆಲಸ. ಸಸ್ಯಗಳಲ್ಲೂ ಅದರ ಬಳಗವಿದೆ. ಮನುಷ್ಯನಲ್ಲಿ ಇಲ್ಲ. ನಮ್ಮ ಪಾಲಿಗೆ ಉಳಿದದ್ದು ಮೂತ್ರಪಿಂಡ ಮತ್ತು ಮೂಳೆ. ದೇಹದಲ್ಲಿ ಉಳಿದ ಫ್ಲೋರೈಡಿನ ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿರುತ್ತದೆ. ಮೂತ್ರಪಿಂಡದಲ್ಲೂ ಅದೇ ರಸಾಯನ ನಡೆಯುತ್ತದೆ: ಮೂತ್ರ ಆಮ್ಲೀಯವಾದರೆ ಹೈಡ್ರೋಜನ್ ಫ್ಲೋರೈಡ್ ಪೊರೆ ದಾಟಿ ರಕ್ತಕ್ಕೆ ಮರಳುತ್ತದೆ, ಕ್ಷಾರೀಯವಾದರೆ ಅಯಾನಾಗಿ ಹೊರಹೋಗುತ್ತದೆ. ಸೊಪ್ಪು, ಕಾಯಿಪಲ್ಲೆ ಹೆಚ್ಚಿರುವ ಊಟ ಮೂತ್ರವನ್ನು ಕ್ಷಾರದ ಕಡೆಗೆ ಒಯ್ಯುತ್ತದೆ.

ಮಕ್ಕಳ ಹಲ್ಲಿನ ಕಂದು ಕಲೆಗೂ ಇದೇ ವಿವರಣೆ ಇರಬಹುದೆಂಬ ವಾದವಿದೆ. ಎನಾಮೆಲ್ ಬಲಿಯುವ ಹಂತದಲ್ಲಿ ಖನಿಜ ಕಟ್ಟುತ್ತಾ ಆಮ್ಲ ಬಿಡುಗಡೆಯಾಗಿ, ಪಿಎಚ್ ಆಗಾಗ 6ಕ್ಕಿಂತ ಕೆಳಗಿಳಿಯುತ್ತದೆ. ಆಗ ಎನಾಮೆಲ್ ಕೋಶಗಳೊಳಗೆ ಫ್ಲೋರೈಡ್ ಹೆಚ್ಚು ನುಗ್ಗಿ ಅವುಗಳ ಪ್ರೋಟೀನ್ ತಯಾರಿಕೆಯನ್ನು ಕೆಡಿಸುತ್ತದೆ. ಮುಂಭಾಗದ ಶಾಶ್ವತ ಹಲ್ಲುಗಳ ಎನಾಮೆಲ್ ಬಲಿಯುವುದು ಶಾಲೆಗೆ ಹೋಗುವ ಮೊದಲಿನ ವರ್ಷಗಳಲ್ಲಿ. ಕಲೆ ಕಣ್ಣಿಗೆ ಬೀಳುವ ಹೊತ್ತಿಗೆ ಹಾನಿ ಮುಗಿದಿರುತ್ತದೆ. ಅಂಗನವಾಡಿಯ ನೀರಿನ ಪರೀಕ್ಷೆ ಪ್ರೌಢಶಾಲೆಯದ್ದಕ್ಕಿಂತ ಮೊದಲು ಆಗಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಳ್ಳಿಗಳಲ್ಲಿ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದೊಳಗೆ ಇರುವುದೂ ಒಂದು ಪೊರೆಯೇ, ಪಾಲಿಅಮೈಡಿನದು. ನೀರು ತುಸು ಕ್ಷಾರೀಯವಾಗಿದ್ದಾಗ ಅದು ಫ್ಲೋರೈಡನ್ನು ಚೆನ್ನಾಗಿ ತಡೆಯುತ್ತದೆ. ಆಮ್ಲೀಯವಾದಂತೆ ಅಲ್ಲಿಯೂ ಹೈಡ್ರೋಜನ್ ಫ್ಲೋರೈಡ್ ನುಸುಳತೊಡಗುತ್ತದೆ. ಬೋರ್ ನೀರು ಸಾಮಾನ್ಯವಾಗಿ ಕ್ಷಾರೀಯವಾದ್ದರಿಂದ ಆ ಚಿಂತೆ ಕಡಿಮೆ. ಚಿಂತೆ ಇರುವುದು ಘಟಕದ ಹಿಂದಿನ ಕೊಳವೆಯಿಂದ ಹರಿದುಹೋಗುವ ನೀರಿನ ಬಗ್ಗೆ. ತಡೆದ ಫ್ಲೋರೈಡೆಲ್ಲ ಅದರಲ್ಲಿದೆ. ಅದು ಅದೇ ಬೋರಿನ ಪಕ್ಕದ ಮಣ್ಣಿಗೆ ಇಂಗದಂತೆ ದೂರ ಒಯ್ಯುವ ವ್ಯವಸ್ಥೆ ಪ್ರತಿ ಘಟಕದ ನಕ್ಷೆಯಲ್ಲೇ ಇರಬೇಕು.