ಬಿಟ್ಟುಬಾರದ ಸಿಪಾಯಿ

ಶೂರರೆಂದೊಡನೆ ನಾವು ಮುನ್ನುಗ್ಗಿದವರನ್ನು ನೆನೆಯುತ್ತೇವೆ. ನನಗೆ ಮಾತ್ರ ಕುಲಬೀರ್ ಥಾಪಾ ಒಂದೆಡೆ ಸುಮ್ಮನೆ ಉಳಿದದ್ದೇ ದೊಡ್ಡದಾಗಿ ತೋರುತ್ತದೆ.

ಮೊದಲನೆಯ ಮಹಾಯುದ್ಧದ ಕಾಲ. 1915ರ ಸೆಪ್ಟೆಂಬರ್ 25. ಉತ್ತರ ಫ್ರಾನ್ಸಿನ ಮೋಕಿಸಾರ್ ಬಳಿ ಜರ್ಮನರ ಕಂದಕಗಳ ಮೇಲೆ ದಾಳಿ ನಡೆದಿತ್ತು. ಮೂರನೆಯ ಗೂರ್ಖಾ ರೈಫಲ್ಸಿನ ಈ ನೇಪಾಳಿ ಸಿಪಾಯಿಗೆ ಆಗಲೇ ಗಾಯವಾಗಿತ್ತು. ಶತ್ರುವಿನ ಮೊದಲ ಕಂದಕದ ಆಚೆ, ಲೆಸ್ಟರ್‌ಷೈರ್ ರೆಜಿಮೆಂಟಿನ ಸೈನಿಕನೊಬ್ಬ ತೀವ್ರವಾಗಿ ಗಾಯಗೊಂಡು ಬಿದ್ದಿದ್ದುದನ್ನು ಅವನು ಕಂಡ. ನೀನಾದರೂ ಜೀವ ಉಳಿಸಿಕೊಳ್ಳೆಂದು ಆತ ಒತ್ತಾಯಿಸಿದರೂ ಥಾಪಾ ಕದಲಲಿಲ್ಲ. ಹಗಲೆಲ್ಲ, ರಾತ್ರಿಯೆಲ್ಲ ಪಕ್ಕದಲ್ಲೇ ಇದ್ದ. ಅದೂ ಶತ್ರುವಿನ ನೆಲದಲ್ಲಿ!

ಮರುದಿನ ಮುಂಜಾನೆ ಮಂಜು ಕವಿದಿತ್ತು. ಅದರ ಮರೆಯಲ್ಲಿ ಗಾಯಾಳುವನ್ನು ಜರ್ಮನರ ಮುಳ್ಳುತಂತಿ ದಾಟಿಸಿ, ತಕ್ಕಮಟ್ಟಿಗೆ ಕ್ಷೇಮವೆನಿಸಿದ ಕಡೆ ಇರಿಸಿದ. ಮತ್ತೆ ಹೋಗಿ ಗಾಯಗೊಂಡ ಇಬ್ಬರು ಗೂರ್ಖಾಗಳನ್ನು ಒಬ್ಬೊಬ್ಬರಾಗಿ ತಂದ. ಕೊನೆಗೆ ಹಾಡಹಗಲಲ್ಲಿ, ಗುಂಡುಗಳ ನಡುವೆ, ಆ ಮೊದಲಿನವನನ್ನೂ ಹೊತ್ತು ತಂದ.

ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ನೇಪಾಳಿ ಗೂರ್ಖಾ ಇವನೇ. (1911ರವರೆಗೆ ಭಾರತೀಯ ಸೇನೆಯ ದೇಶೀ ಸಿಪಾಯಿಗಳಿಗೆ ಆ ಪದಕದ ಅರ್ಹತೆಯೇ ಇರಲಿಲ್ಲ!) ಪದಕದ ಪ್ರಕಟಣೆಯಲ್ಲಿ ಅವನು ಉಳಿಸಿದವನ ಹೆಸರಿಲ್ಲ, ರೆಜಿಮೆಂಟಿನದಷ್ಟೇ ಇದೆ.