ಹಿಮ ಒಡೆದ ಲೆನಿನ್, ಚಿನ್ನ ಅಗೆದ ಕೆಜಿಎಫ್

ಸಾವಿರದ ಐನೂರು ಅಡಿ ಬೋರ್ ಕೊರೆಸಿದರೂ ಬರೀ ಧೂಳು ಹಾರುವ ಜಿಲ್ಲೆ ಕೋಲಾರ. ಮಾಲೂರಿಗೆ ಹೋಗಿ, ಮುಳಬಾಗಿಲಿಗೆ ಹೋಗಿ, ಶ್ರೀನಿವಾಸಪುರದ ಮಾವಿನ ತೋಟಕ್ಕೆ ಹೋಗಿ, ಮಾತು ಶುರುವಾಗೋದೇ ನೀರಿನಿಂದ. ಅಂಥ ಜಿಲ್ಲೆಯ ಜನರಿಗೆ ಇವತ್ತು ಸಮುದ್ರವೇ ಹೆಪ್ಪುಗಟ್ಟುವ ಜಾಗದ ಒಂದು ಹಡಗಿನ ಕಥೆ ಹೇಳ್ತೀನಿ. ಆ ಹಡಗಿಗೂ ನಮ್ಮ ಕೆಜಿಎಫ್‌ಗೂ ಸಂಬಂಧ ಇದೆ.

ಹಡಗಿನ ಹೆಸರು ಲೆನಿನ್. 1957ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ನೀರಿಗಿಳಿದು, 1959ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಸೇರಿತು. ಜಗತ್ತಿನ ಮೊದಲ ಅಣುಶಕ್ತಿ ಐಸ್‌ಬ್ರೇಕರ್. 134 ಮೀಟರ್ ಉದ್ದ, 44,000 ಅಶ್ವಶಕ್ತಿ.

ಐಸ್‌ಬ್ರೇಕರ್ ಅಂದ್ರೆ ಮೂತಿಯಲ್ಲಿ ಚಾಕು ಕಟ್ಟಿಕೊಂಡು ಹಿಮ ಕೊಯ್ಯುವ ಹಡಗು ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಅದರ ಮೂತಿ ಇಳಿಜಾರಾಗಿರುತ್ತೆ. ಹಡಗು ಹಿಮದ ಹಾಸಿನ ಮೇಲೆ ಹತ್ತಿ, ತನ್ನ ತೂಕದಿಂದಲೇ ಅದನ್ನ ಮುರಿಯುತ್ತೆ. ಮುರಿಯಲಿಲ್ವಾ? ಹಿಂದೆ ಸರಿದು ಮತ್ತೆ ನುಗ್ಗುತ್ತೆ. ಒಡೆದ ದಾರಿಯಲ್ಲಿ ಸರಕು ಹಡಗುಗಳು ಹಿಂಬಾಲಿಸುತ್ತವೆ. ಡೀಸೆಲ್ ಹಡಗಾದರೆ ಇಂಧನಕ್ಕಾಗಿ ಮತ್ತೆ ಮತ್ತೆ ಬಂದರಿಗೆ ಓಡಬೇಕು. ಇಲ್ಲಿ ರಿಯಾಕ್ಟರ್ ನೀರನ್ನು ಹಬೆ ಮಾಡುತ್ತೆ, ಹಬೆ ಟರ್ಬೈನ್ ತಿರುಗಿಸುತ್ತೆ, ಅದರಿಂದ ಬಂದ ಕರೆಂಟ್ ಮೋಟಾರಿಗೆ, ಮೋಟಾರಿನಿಂದ ಮೂರು ಪ್ರೊಪೆಲ್ಲರ್‌ಗೆ. ತಿಂಗಳುಗಟ್ಟಲೆ ಹಿಮದಲ್ಲೇ ಇರಬಹುದು.

ಮೂವತ್ತು ವರ್ಷ ಅದು ದುಡಿಯಿತು. ಓಡಿದ್ದು ಸುಮಾರು 12 ಲಕ್ಷ ಕಿಲೋಮೀಟರ್, ಅಂದ್ರೆ ಭೂಮಿಯನ್ನ ಮೂವತ್ತು ಸುತ್ತು. ಅದರಲ್ಲಿ 10 ಲಕ್ಷ ಕಿಲೋಮೀಟರ್ ಹಿಮದೊಳಗೇ. ದಾಟಿಸಿದ್ದು 3,700ಕ್ಕೂ ಹೆಚ್ಚು ಹಡಗುಗಳನ್ನ.

ಎಲ್ಲವೂ ಹೆಮ್ಮೆಯ ಕಥೆಯಲ್ಲ. 1965ರಲ್ಲಿ ರಿಯಾಕ್ಟರಿನ ಇಂಧನ ಹಾನಿಗೊಂಡಿತು. 1967ರಲ್ಲಿ ಮತ್ತೆ ಸೋರಿಕೆ. ಹಳೆಯ ಮೂರು ರಿಯಾಕ್ಟರುಗಳನ್ನು ತೆಗೆದು ಕಾರಾ ಸಮುದ್ರಕ್ಕೆ ಎಸೆದು, ಹೊಸ ಎರಡನ್ನು ಕೂರಿಸಿದರು. ಜಗತ್ತಿಗೆ ಅದು ಅಧಿಕೃತವಾಗಿ ಗೊತ್ತಾಗಿದ್ದು 1993ರಲ್ಲಿ, ರಷ್ಯಾ ಸರ್ಕಾರದ್ದೇ ವರದಿಯಿಂದ.

ಈಗ ಕೆಜಿಎಫ್‌ಗೆ ಬನ್ನಿ. ಅಲ್ಲಿ ಮನುಷ್ಯ ಚಳಿಯ ಜೊತೆ ಗುದ್ದಾಡಿದರೆ, ಇಲ್ಲಿ ಸೆಕೆಯ ಜೊತೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು, ತಣ್ಣಗಾಗಿಸಿದ ಗಾಳಿ ಕಳಿಸದೆ ಕೆಲಸವೇ ಆಗ್ತಿರಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟ್ ಈ ಗಣಿಗಳಿಗೆ ಬಂತು, ಬೆಂಗಳೂರಿಗೆ ಬೀದಿ ದೀಪ ಬರೋದಕ್ಕಿಂತ ಮೂರು ವರ್ಷ ಮೊದಲು! ಇಲ್ಲಿಯೂ ಬೆಲೆ ತೆತ್ತವರಿದ್ದಾರೆ. ಬಂಡೆ ಸಿಡಿದು ಸತ್ತವರು, ಸಿಲಿಕೋಸಿಸ್‌ಗೆ ಶ್ವಾಸಕೋಶ ಕೊಟ್ಟವರು. ಅವರು ಸಮುದ್ರಕ್ಕೆ ರಿಯಾಕ್ಟರ್ ಎಸೆದರು, ನಾವು ಊರ ಮಧ್ಯೆ ಸೈನೈಡ್ ದಿಬ್ಬಗಳನ್ನ ಬಿಟ್ಟೆವು. ಗಾಳಿ ಬೀಸಿದರೆ ಆ ಧೂಳು ಇವತ್ತಿಗೂ ಮನೆಯೊಳಗೆ.

ಇಲ್ಲಿಯವರೆಗೆ ಎರಡೂ ಕಥೆ ಒಂದೇ. ಬೇರೆಯಾಗೋದು ಕೆಲಸ ಮುಗಿದ ಮೇಲೆ.

ಲೆನಿನ್ 1989ರಲ್ಲಿ ನಿವೃತ್ತಿಯಾಯಿತು. ಸೋವಿಯತ್ ದೇಶವೇ ಒಡೆದುಹೋಯಿತು, ಕೈಯಲ್ಲಿ ಕಾಸಿಲ್ಲದ ಕಾಲ. ಆದರೂ ಹಡಗನ್ನ ಗುಜರಿಗೆ ಹಾಕಲಿಲ್ಲ. ಮೂರ್ಮನ್ಸ್ಕ್ ಬಂದರಿನಲ್ಲಿ ನಿಲ್ಲಿಸಿ, 2009ರಿಂದ ಮ್ಯೂಸಿಯಂ ಮಾಡಿದ್ದಾರೆ. ಮಕ್ಕಳು ಒಳಗೆ ಹೋಗಿ ಕಂಟ್ರೋಲ್ ರೂಂ ನೋಡ್ತಾರೆ, ತಮ್ಮ ಅಜ್ಜಂದಿರು ಎಲ್ಲಿ ನಿಂತು ಕೆಲಸ ಮಾಡ್ತಿದ್ರು ಅಂತ ತಿಳ್ಕೊಳ್ತಾರೆ.

ಕೆಜಿಎಫ್ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ. ಪಂಪು ನಿಂತಿತು, ಸುರಂಗಗಳಿಗೆ ನೀರು ತುಂಬಿತು. ಗೋಪುರಗಳು ತುಕ್ಕು ಹಿಡಿದವು. ಗಣಿಗಿಳಿದವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ, ರಾತ್ರಿ ವಾಪಸ್ ಬರ್ತಾರೆ. ಹೊರಗಿನವರಿಗೆ ಕೆಜಿಎಫ್ ಅಂದ್ರೆ ಸಿನಿಮಾ ಅಷ್ಟೆ.

ಗಣಿ ಮತ್ತೆ ತೆರೀತೀವಿ ಅನ್ನೋ ಮಾತು ಪ್ರತಿ ಚುನಾವಣೆಯಲ್ಲೂ ಕೇಳಿಸುತ್ತೆ. ಅದು ಆಗುತ್ತೋ ಬಿಡುತ್ತೋ, ನಾನು ಕೇಳೋದು ಅದಕ್ಕಿಂತ ಸಣ್ಣದು. ಒಂದು ಶಾಫ್ಟ್ ಗೋಪುರ, ಒಂದು ವೈಂಡಿಂಗ್ ಎಂಜಿನ್, ಒಂದು ಕೆಲಸಗಾರರ ಲೈನ್ ಮನೆ, ಇಷ್ಟನ್ನು ದುರಸ್ತಿ ಮಾಡಿ ಜನರಿಗೆ ತೆರೆದಿಡಿ. ಸತ್ತವರ ಹೆಸರನ್ನೂ ಅಲ್ಲೇ ಬರೆಸಿ. ಗೈಡ್ ಕೆಲಸಕ್ಕೆ ಬೇರೆ ಯಾರನ್ನೂ ಹುಡುಕಬೇಡಿ. ಗಣಿಗೆ ಇಳಿದ ಹಿರಿಯರು ಇನ್ನೂ ಅದೇ ಲೈನ್ ಮನೆಗಳಲ್ಲಿ ಇದ್ದಾರೆ. ಅವರಿಗೆ ವಯಸ್ಸಾಗ್ತಿದೆ. ಸ್ವಲ್ಪ ಬೇಗ ಮಾಡಿ.